ಹೊರಟವರಿಗೆ ಕಡುಬು, ಬಂದವರಿಗೆ ಶಾವಿಗೆ

ಹೊರಟವರಿಗೆ ಕಡುಬು, ಬಂದವರಿಗೆ ಶಾವಿಗೆ. ಇದು ನಮ್ಮ ಕಡೆಯ ಪದ್ಧತಿ. ನನ್ನ ಗಂಡ ರೂಯಿಲಿನ್ ಯುದ್ಧವಿಮಾನ ಹಾರಿಸುತ್ತಿದ್ದಷ್ಟು ಕಾಲವೂ ಅತ್ತೆ ಇದನ್ನು ತಪ್ಪಿಸಿದವರಲ್ಲ. ಅವನು ಗಗನಯಾತ್ರಿಗಳ ದಳ ಸೇರಿದ ಮೇಲೆ ಕಾಯುವುದೇ ಕೆಲಸವಾಯಿತು. ಮೂರು ಸಲ ಹೆಸರು ಬಂತು, ಮೂರು ಸಲವೂ ಮೀಸಲು ಆಳಾಗಿಯೇ ಉಳಿದ. ಅತ್ತೆಯ ಕಡುಬು ತಿಂದು ಹೋದವನು ತಲೆ ತಗ್ಗಿಸಿ ಮನೆಗೆ ಮರಳುತ್ತಿದ್ದ. ಕೂದಲು ನರೆಯಿತು. ನಾಲ್ಕನೆಯ ಸಲ ಸರದಿ ಬಂತು.

"ಈ ಸಲಾನೂ ಹಾರದೆ ವಾಪಸ್ ಬಂದ್ರೆ ಕಡುಬಿನ ತಪ್ಪಲೆ ನಿನ್ನ ತಲೆ ಮೇಲೆ ಕವುಚ್ತೀನಿ ನೋಡು," ಎಂದರು ಅತ್ತೆ.

ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿದ. ವಾರಕ್ಕೊಮ್ಮೆ ಮೇಲಿನಿಂದ ಕರೆ ಬರುತ್ತಿತ್ತು. ಅತ್ತೆ ನನ್ನನ್ನು ಮೊಣಕೈಯಿಂದ ತಳ್ಳಿ, ಪರದೆಗೆ ಮೂಗು ತಾಗಿಸಿ ಕೂಗುವರು: "ತಿಂದ್ಯೇನೋ? ಮುಖ ಯಾಕೋ ಊದಿದೆ?"

"ಇಲ್ಲಿ ಎಲ್ಲರ ಮುಖಾನೂ ಊದುತ್ತಮ್ಮಾ. ಕಿರುಚಬೇಡ, ಕೇಳಿಸುತ್ತೆ."

ಅವನು ನಿಲ್ದಾಣದಿಂದ ಹೊರಬಿದ್ದು ಬಾಹ್ಯಾಕಾಶದ ಬಯಲಲ್ಲಿ ಕೆಲಸ ಮಾಡುವ ದಿನ ಹತ್ತಿರ ಬಂದಿತ್ತು. ಆಗಲೇ ಅತ್ತೆಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಉಳಿಯಲಿಲ್ಲ.

ದಳದ ಅಧಿಕಾರಿ ಬಂದು ಕೈಮುಗಿಯುವುದೊಂದು ಬಾಕಿ. "ಅತ್ತಿಗೆ, ಅವನು ಭೂಮಿಗೆ ಇಳಿಯೋವರೆಗೆ ಬಾಯಿ ಬಿಡಬೇಡಿ. ಗೊತ್ತಾದ್ರೆ ಅವನನ್ನ ಹೊರಗೆ ಬಿಡೋಕಾಗಲ್ಲ."

ದೂರ ಇರುವವರಿಗೆ ಸಾವಿನ ಸುದ್ದಿ ಮುಚ್ಚಿಡುವುದು ನಮ್ಮಲ್ಲಿ ತಪ್ಪಲ್ಲ, ಧರ್ಮ. ಅತ್ತೆಯ ಬೂದಿಯ ಪೆಟ್ಟಿಗೆಯನ್ನು ಕಪಾಟಿನಲ್ಲಿ ಚಳಿಗಾಲದ ರಜಾಯಿಗಳ ನಡುವೆ ಇಟ್ಟೆ.

"ಅಮ್ಮ ಎಲ್ಲಿ?" ಎಂದ ಮುಂದಿನ ಕರೆಯಲ್ಲಿ.

"ಮಲಗಿದ್ದಾರೆ."

"ಮಲಗಲಿ ಬಿಡು, ಎಬ್ಬಿಸಬೇಡ. ಬಂದಾಗ ಶಾವಿಗೆ ಬೇಕು ಅಂತ ಹೇಳು."

ಹೋದ ಜೀವ ಬಂದಂತಾಯಿತು ನನಗೆ. ಆಮೇಲೆ ಅವನು ಅಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ಬಯಲಿಗೆ ಇಳಿದ, ಕೆಲಸ ಮುಗಿಸಿದ, ಇಡೀ ದೇಶ ಚಪ್ಪಾಳೆ ತಟ್ಟಿತು. ನಾನು ಟಿವಿ ಮುಂದೆ ಬಾಯಿಗೆ ಟವೆಲು ತುರುಕಿಕೊಂಡು ಅತ್ತುಬಿಟ್ಟೆ.

ಭೂಮಿಗೆ ಬಂದ ಮೇಲೆ ಅವನನ್ನು ವೈದ್ಯರ ಕಣ್ಗಾವಲಿನಲ್ಲಿ ಇಟ್ಟಿದ್ದರು. ನಾನೇ ಹಿಟ್ಟು ನಾದಿ, ಅತ್ತೆಯಂತೆಯೇ ದಪ್ಪಗೆ ಶಾವಿಗೆ ಕೊಯ್ದು ಕೊಂಡೊಯ್ದೆ. ತಲೆ ಎತ್ತದೆ ತಿಂದ. ಸಾರನ್ನೂ ಕುಡಿದು ಬಟ್ಟಲು ಕೆಳಗಿಟ್ಟ.

"ಬೂದಿ ಎಲ್ಲಿಟ್ಟಿದ್ದೀಯ?"

"ಯಾರು ಹೇಳಿದ್ರು ನಿಂಗೆ?"

"ನಾನು ಕರೆ ಮಾಡೋ ಹೊತ್ತಿಗೆ ಅಮ್ಮ ಮಲಗ್ತಾಳಾ? ಅವತ್ತೇ ಗೊತ್ತಾಯ್ತು."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಅತ್ತುಬಿಡ್ತಿದ್ದೆ. ಅವರು ನನ್ನನ್ನ ಹೊರಗೆ ಬಿಡ್ತಿರಲಿಲ್ಲ. ಇನ್ನೊಂದು ಸರದಿ ನನಗೆಲ್ಲಿತ್ತು, ಹೇಳು?"

ಮೈಯೆಲ್ಲ ಉರಿದುಹೋಯಿತು. ಸುಳ್ಳು ನನ್ನೊಬ್ಬಳದು ಎಂದುಕೊಂಡು ಇಷ್ಟು ದಿನ ಕುದ್ದಿದ್ದೆ.

ಅವನು ಮನೆಗೆ ಬಂದ ದಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟೆ. ಮಗನಾದವನು ಮೂರು ಸಲ ನೆಲಕ್ಕೆ ಹಣೆ ಹಚ್ಚಬೇಕು. ಕಾಲಲ್ಲಿ ಇನ್ನೂ ಶಕ್ತಿ ಬಂದಿರಲಿಲ್ಲ, ಹೇಗೋ ಮಂಡಿಯೂರಿದ. ಒಂದು ಸಲ ಹಣೆ ಹಚ್ಚಿದವನಿಗೆ ಮತ್ತೆ ಮೇಲೇಳಲು ಆಗಲಿಲ್ಲ.

ನಾನು ಎತ್ತಲು ಹೋಗಲಿಲ್ಲ.