ಸುಳಿಯ ಬೆಕ್ಕಿಗೆ ಚುಕ್ಕೆಯ ಮರಿ

ನಾಲ್ಕನೆಯ ಮರಿ ಹೊರಬಂದಾಗ ತೊಲ್ಕಿನ್ ಟವೆಲ್ಲಿನಿಂದ ಅದರ ಮೈ ಒರೆಸಿ, ದೀಪದ ಕೆಳಗೆ ಹಿಡಿದು ನೋಡಿದಳು. ಮೊದಲ ಮೂರು ಮರಿಗಳ ಬೆನ್ನ ಮೇಲೆ ಅಮೃತಶಿಲೆಯಲ್ಲಿರುವಂಥ ಸುಳಿಗಳಿದ್ದವು, ತಾಯಿ ಅಲ್ತಿನ್‌ಗೆ ಇದ್ದ ಹಾಗೆಯೇ. ಇದರ ಬೆನ್ನ ಮೇಲೆ ಚುಕ್ಕೆಗಳು.

ಬೆಂಗಾಲ್ ಬೆಕ್ಕು ಸಾಕುವ ಅಲ್ಮಾಟಿಯ ಮಂದಿಗೆಲ್ಲ ಇದು ಗೊತ್ತು. ಚುಕ್ಕೆಯ ಜೋಡಿಗೆ ಸುಳಿಯ ಮರಿ ಹುಟ್ಟಬಹುದು, ಸುಳಿಯ ಜೋಡಿಗೆ ಚುಕ್ಕೆಯ ಮರಿ ಹುಟ್ಟುವಂತಿಲ್ಲ. ಅಲ್ತಿನ್ ಮೈಯಲ್ಲಿ ಸುಳಿ. ಓರಗಿತ್ತಿ ಕಮ್ಷಾತ್ ಸಾಕಿದ ಗಂಡು ಸುಲ್ತಾನನ ಮೈಯಲ್ಲೂ ಸುಳಿ. ಹಾಗಾದರೆ ಈ ಮರಿಯ ಅಪ್ಪ ಯಾರು?

"ಎಷ್ಟು ಮುದ್ದಾಗಿದೆ ನೋಡೇ, ಚಹಾಕ್ಕೆ ಹಾಕೋ ತಾರಿ ಕಾಳು ಚೆಲ್ಲಿದ ಹಾಗಿದೆ ಮೈಮೇಲೆ" ಎಂದಳು ಅತ್ತೆ ಉಲ್ಬೋಸಿನ್, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು. "ಇವಳ ಹೆಸರು ತಾರಿ. ನಾನಿಟ್ಟಾಯ್ತು."

"ಅತ್ತೆ, ಅವತ್ತು ಬಾಲ್ಕನಿ ಕಿಟಕಿ..."

ಅತ್ತೆಯ ಮುಖ ಕಳೆಗುಂದಿತು. ಕಮ್ಷಾತ್ ಮನೆಯಲ್ಲಿ ಸುಲ್ತಾನನ ಜೊತೆ ಬಿಟ್ಟಿದ್ದ ಅಲ್ತಿನ್‌ಳನ್ನು ಮನೆಗೆ ತಂದ ಮಾರನೆಯ ದಿನ, ಬೇಯಿಸಿದ ಮಾಂಸದ ಹೊಗೆ ಹೋಗಲೆಂದು ಮುದುಕಿ ಕಿಟಕಿ ತೆರೆದಿಟ್ಟಿದ್ದಳು. ಬೆದೆ ಇಳಿಯದ ಬೆಕ್ಕು ಅಂಗಳದ ಸೇಬಿನ ಮರಕ್ಕೆ ಹಾರಿ, ಮಧ್ಯಾಹ್ನವೆಲ್ಲ ಕಾಣೆಯಾಗಿತ್ತು. ಆ ಅಂಗಳದಲ್ಲೇ ಹರಿದ ಕಿವಿಯ ಬೂದು ಗಂಡುಬೆಕ್ಕೊಂದು ಸುತ್ತುತ್ತಿತ್ತು. ವಿಷಯ ಅತ್ತೆ ಸೊಸೆಯರ ನಡುವೆಯೇ ಉಳಿದಿತ್ತು.

"ಹಿರೀಸೊಸೆಗೆ ಹೇಳ್ಬೇಡ ಕಣೇ" ಎಂದಳು ಉಲ್ಬೋಸಿನ್ ಮೆಲ್ಲಗೆ. "ಮುದುಕಿಗೆ ಒಂದು ಬೆಕ್ಕು ಕಾಯೋಕೂ ಆಗಲ್ಲ ಅಂತ ಊರೆಲ್ಲ ಹಾಡ್ಕೊಂಡು ಬರ್ತಾಳೆ."

ಹಾಡಿಕೊಂಡು ಬರುವವಳೇ ಕಮ್ಷಾತ್. ಸುಲ್ತಾನನ ಮರಿಗಳನ್ನು ಕೊಡುತ್ತೇನೆಂದು ಬೆಕ್ಕಿನ ಕ್ಲಬ್ಬಿನ ಹೆಂಗಸರಿಗೆ ಆಗಲೇ ಮಾತು ಕೊಟ್ಟಿದ್ದಳು. ಸದ್ಯಕ್ಕೆ ಅವಳು ಶಿಮ್ಕೆಂತ್ ಊರಿಗೆ ಮಗಳ ಬಾಣಂತನಕ್ಕೆ ಹೋಗಿದ್ದದ್ದೇ ತೊಲ್ಕಿನ್‌ಗೆ ಉಸಿರಾಡಲು ಸಿಕ್ಕ ಸಮಯ. ಆದರೆ ಅಲ್ಲಿಂದಲೂ ದಿನ ಬಿಟ್ಟು ದಿನ ಫೋನ್ ಬರುತ್ತಿತ್ತು.

"ಫೋಟೋ ಕಳಿಸೇ. ಎಲ್ಲಾ ಮರಿಗಳದ್ದೂ ಕಳಿಸು, ಬೆನ್ನು ಕಾಣೋ ಹಾಗೆ."

ತೊಲ್ಕಿನ್ ಮೂರರ ಫೋಟೋ ಕಳಿಸಿದಳು.

"ಮೂರೇನಾ? ಸ್ಕ್ಯಾನ್‌ನಲ್ಲಿ ನಾಲ್ಕು ಅಂದಿದ್ರಲ್ಲ?"

"ಒಂದು ತಾಯಿ ಕೆಳಗೆ ಮಲಗಿದೆ ಅಕ್ಕಾ. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

"ಅದರ ಬೆನ್ನು ಹೇಗಿದೆ?"

"ಚೆನ್ನಾಗಿದೆ."

ಕಮ್ಷಾತ್ ಫೋನಿಟ್ಟಳು. ಇವಳಿಗೆ ಗೊತ್ತಾಗಿಬಿಟ್ಟಿದೆ, ಬಾಯಿ ಬಿಡಿಸೋಕೆ ನೋಡುತ್ತಿದ್ದಾಳೆ ಎಂದುಕೊಂಡಳು ತೊಲ್ಕಿನ್. ಲಾರಿ ಓಡಿಸುವ ಗಂಡನಿಗೆ ಹೇಳಿದರೆ, "ಬೆಕ್ಕಿಗೆ ಅಪ್ಪ ಯಾರಾದ್ರೇನು, ಹಾಲು ಕುಡಿತಿದೆ ತಾನೇ?" ಎಂದು ರಸ್ತೆಯಿಂದಲೇ ನಕ್ಕ. ಅವಳಿಗೆ ಅನ್ನ ಸೇರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಂಗಳದ ಬೂದು ಬೆಕ್ಕನ್ನು ದಿಟ್ಟಿಸುವುದೇ ಕೆಲಸವಾಯಿತು. ಅದರ ಪಕ್ಕೆಯಲ್ಲಿ ಚುಕ್ಕೆಗಳಿವೆಯೋ, ಪಟ್ಟೆಗಳಿವೆಯೋ? ಒಂದು ದಿನ ಚುಕ್ಕೆ ಕಂಡಂತಾಗುತ್ತಿತ್ತು, ಇನ್ನೊಂದು ದಿನ ಬರೀ ಕೊಳೆ.

ತಿಂಗಳು ಕಳೆಯುವ ಹೊತ್ತಿಗೆ ಮರಿಗಳ ಮೈಮೇಲೆ ಬೂದು ನವಿರು ಎದ್ದಿತು. ಬೆಂಗಾಲ್ ಮರಿಗಳಿಗೆ ಇದು ಮಾಮೂಲು. ಕೆಲವು ವಾರ ಧೂಳು ಮೆತ್ತಿದಂತೆ ಮಂಕಾಗಿ, ಆಮೇಲೆ ಮೈ ತಿಳಿಯಾಗುತ್ತದೆ. ಉಳಿದವರು ಈ ದಿನಗಳಲ್ಲಿ ಕೊಳ್ಳುವವರಿಗೆ ಮರಿ ತೋರಿಸುವುದಿಲ್ಲ. ತೊಲ್ಕಿನ್ ಮಾತ್ರ ಆ ನವಿರನ್ನು ಕಂಡು ಸಮಾಧಾನಪಟ್ಟಳು. ತಾರಿಯ ಚುಕ್ಕೆಗಳು ಹೊಗೆಯೊಳಗೆ ಸೇರಿದಂತೆ ಕರಗಿದ್ದವು. ಕಮ್ಷಾತ್ ಈಗಲೇ ಬಂದು ಹೋಗಲಿ ಎಂದು ಬೇಡಿಕೊಂಡಳು.

ಬಂದೇಬಿಟ್ಟಳು, ಫೋನ್ ಕೂಡ ಮಾಡದೆ. ಬಸ್ಸಿಳಿದು ನೇರವಾಗಿ, ಕೈಯಲ್ಲಿ ಮೊಮ್ಮಗುವಿನ ಹೆಸರಿನ ಸಿಹಿಯ ಪೊಟ್ಟಣ. ಅತ್ತೆ ಹಾಲು ಹಾಕಿದ ಚಹಾ ಸುರಿದಳು. ತೊಲ್ಕಿನ್ ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಉಂಡೆಗಳ ತಟ್ಟೆ ಇಟ್ಟಳು.

"ಚಹಾ ಆಮೇಲೆ. ಮರಿಗಳೆಲ್ಲಿ?"

ಕಮ್ಷಾತ್ ಮೂರನ್ನು ಎತ್ತಿ ನೋಡಿ ಕೆಳಗಿಟ್ಟಳು. ನಾಲ್ಕನೆಯದನ್ನು ಎತ್ತಿಕೊಂಡು ಬಾಲ್ಕನಿಗೆ ನಡೆದಳು. ಮೇ ತಿಂಗಳ ಬಿಸಿಲು ಗಾಜಿನಿಂದ ಒಳಗೆ ಬೀಳುತ್ತಿತ್ತು. ಅವಳು ಹೆಬ್ಬೆರಳಿನಿಂದ ನವಿರನ್ನು ಹಿಮ್ಮುಖವಾಗಿ ಸವರಿ ಬುಡ ನೋಡಿದಳು, ಇನ್ನೊಂದು ಕಡೆ ಸವರಿದಳು.

ಇನ್ನು ತಡೆಯಲಾಗಲಿಲ್ಲ. "ನನ್ನದೇ ತಪ್ಪು ಅಕ್ಕಾ" ಎಂದಳು ತೊಲ್ಕಿನ್. "ಕಿಟಕಿ ತೆಗೆದಿತ್ತು. ಅಲ್ತಿನ್ ಅಂಗಳಕ್ಕೆ ಹೋಗಿದ್ದಳು. ಕೆಳಗೊಂದು ಬೂದು ಬೆಕ್ಕಿದೆ..."

"ಕಿಟಕಿ ತೆಗೆದಿದ್ದು ನಾನು" ಎಂದಳು ಉಲ್ಬೋಸಿನ್ ಬಾಗಿಲಲ್ಲಿ ನಿಂತು. "ಬೈಯೋದಿದ್ರೆ ನನಗೆ ಬೈ."

ಕಮ್ಷಾತ್ ಬೈಯಲಿಲ್ಲ. ಬಾಲ್ಕನಿಯ ಸ್ಟೂಲಿನ ಮೇಲೆ ಕುಸಿದು ಕೂತಳು. ಮರಿಯನ್ನು ತೊಲ್ಕಿನ್ ಮುಂದೆ ಹಿಡಿದಳು.

"ಬೂದು ಬೆಕ್ಕೂ ಅಲ್ಲ, ಮಣ್ಣೂ ಅಲ್ಲ. ಇಲ್ಲಿ ನೋಡು. ಬರೀ ಚುಕ್ಕೆಯಾ ಇದು? ಅಂಚು ಕಪ್ಪು, ನಡುವೆ ಕಂದು. ಹೂವಿನ ಹಾಗೆ. ಬೀದಿ ಬೆಕ್ಕು ಎಲ್ಲಿಂದ ತರುತ್ತೆ ಇದನ್ನ?"

ತೊಲ್ಕಿನ್ ಬಗ್ಗಿ ನೋಡಿದಳು. ಹೌದು. ಇಷ್ಟು ದಿನ ಚುಕ್ಕೆ ಇದೆ ಎಂದು ಹೆದರಿದ್ದಳೇ ಹೊರತು, ಎಂಥ ಚುಕ್ಕೆ ಎಂದು ನೋಡಿರಲಿಲ್ಲ.

"ಅಲ್ತಿನ್ ನನ್ನ ಮನೇಲಿದ್ದಾಗ ಗೆಳತಿಯೊಬ್ಬಳ ಇಂಥದ್ದೇ ಚುಕ್ಕೆಯ ಗಂಡುಮರಿಯೂ ನನ್ನ ಹತ್ರ ಇತ್ತು, ಬಾರಿಸ್ ಅಂತ" ಎಂದಳು ಕಮ್ಷಾತ್. "ಇನ್ನೂ ಹಸುಗೂಸು, ಏನು ಮಾಡುತ್ತೆ ಅಂದ್ಕೊಂಡೆ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಅಲ್ತಿನ್ ಕೋಣೆ ಬಾಗಿಲು ತೆರೆದಿದೆ, ಅವನು ಒಳಗೆ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಬಾಣಂತಿ ಪಕ್ಕ ಕೂತ್ಕೊಂಡು ನಿನ್ನ ಫೋಟೋಗೆ ಕಾಯ್ತಿದ್ದೆ."

"ನೀವು ನನ್ನ ಮೇಲೆ ಅನುಮಾನಪಟ್ಟು ಕೇಳ್ತಿದ್ದೀರಿ ಅಂದ್ಕೊಂಡಿದ್ದೆ!"

"ನಿನಗೆ ಗೊತ್ತಾಗಿ ಮುಚ್ಚಿಡ್ತಿದ್ದೀಯ ಅಂತ ನಾನು."

ಅತ್ತೆಗೆ ನಗು ಬಂತು. ನಕ್ಕವಳು ಅವಳೊಬ್ಬಳೇ.

ಕಮ್ಷಾತ್ ಮರಿಯನ್ನು ತೊಡೆಯ ಮೇಲಿಟ್ಟುಕೊಂಡೇ ದನಿ ತಗ್ಗಿಸಿದಳು. "ಕೇಳು. ಮೂರಕ್ಕೂ ಸುಳಿ ಇದೆ. ಇದೊಂದು ಹುಟ್ಟೇ ಇಲ್ಲ ಅಂದುಬಿಡೋಣ. ಅತ್ತೆ ಹತ್ರ ಇರ್ಲಿ. ಯಾರು ಕೇಳ್ತಾರೆ?"

"ಬಾರಿಸ್‌ಗೂ ಸುಳಿಯ ಮರಿ ಹುಟ್ಟಬಹುದಲ್ಲ ಅಕ್ಕಾ. ಒಂದೇ ಸೂಲಲ್ಲಿ ಇಬ್ಬರದೂ ಮರಿ ಇರಬಹುದು, ಆ ಮೂರರಲ್ಲೂ ಯಾವುದು ಯಾರದೋ?"

"ಅದಕ್ಕೇ ಬಾಯಿ ಮುಚ್ಕೊಂಡಿರೋಣ ಅನ್ನೋದು."

ಮದುವೆಯಾಗಿ ಬಂದ ಮೇಲೆ ತೊಲ್ಕಿನ್ ಹಿರಿಯ ಓರಗಿತ್ತಿಗೆ ಎದುರಾಡಿದ್ದಿಲ್ಲ. ಈಗ ಮರಿಯನ್ನು ಅವಳ ತೊಡೆಯಿಂದ ಎತ್ತಿಕೊಂಡಳು. "ನನ್ನ ಕೈಲಿ ಆಗಲ್ಲ" ಎಂದಳು. "ಇಷ್ಟು ದಿನ ಮುಚ್ಚಿಟ್ಟು ನೋಡಿದೆ. ಫೋನ್ ಬಂದ್ರೆ ಮೈ ಬೆವರೋದು. ಅಪ್ಪ ಯಾರು ಅಂತ ಡಿಎನ್ಎ ಪರೀಕ್ಷೆ ಮಾಡಿಸೋಣ. ಏನು ಬಂದ್ರೂ ಹೇಳಿಬಿಡೋಣ."

"ಹೇಳ್ಬೇಕಾದವಳು ನೀನಲ್ಲ, ನಾನು! ಕ್ಲಬ್ಬಲ್ಲಿ ತಲೆ ತಗ್ಗಿಸೋದು ನಾನು!" ಕಮ್ಷಾತ್ ಎದ್ದು ಹೊರಟೇ ಹೋದಳು. ಚಹಾ ಹಾಗೇ ಆರಿತು.

ಆಮೇಲೆ ಫೋನ್ ಬರಲಿಲ್ಲ. ಬಂದರೆ ಹೆದರುತ್ತಿದ್ದ ತೊಲ್ಕಿನ್‌ಗೆ ಈಗ ಬರದಿದ್ದದ್ದೇ ಹೆಚ್ಚು ಹೆದರಿಕೆಯಾಯಿತು. ಗಂಡ ಮನೆಗೆ ಬಂದಾಗ, ಅಣ್ಣನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ ಎಂದ. ಒಂದು ಬೆಕ್ಕಿನಿಂದ ಮನೆ ಒಡೆದೆನೇ ಎಂದು ಅವಳು ಅತ್ತೆಯೆದುರು ಕಣ್ಣೀರಿಟ್ಟಳು.

"ಅವಳು ಸಿಡುಕಿ, ಆದ್ರೆ ಸುಳ್ಳುಗಾತಿ ಅಲ್ಲ. ತಡಿ" ಎಂದಳು ಉಲ್ಬೋಸಿನ್.

ಮುಂದಿನ ವಾರ ಕಮ್ಷಾತ್ ಬಂದಳು, ಪರೀಕ್ಷೆಗೆ ಬೇಕಾದ ಹತ್ತಿಯ ಕಡ್ಡಿಗಳ ಕವರು ಹಿಡಿದು. "ಮರಿ ಬಾಯಿ ತೆಗಿಸು" ಎಂದಳಷ್ಟೆ. ತಾರಿ ಅವಳ ಬೆರಳನ್ನು ಕಚ್ಚಿ ರಕ್ತ ಬರಿಸಿತು. "ಅಪ್ಪನ ಹಾಗೇ ತುಂಟಿ" ಎಂದು ಬೈದು ಬೆರಳು ಚೀಪಿಕೊಂಡಳು. ತೊಲ್ಕಿನ್ ಓಡಿಹೋಗಿ ಔಷಧಿ ತಂದಳು.

ಎರಡು ಸುಲ್ತಾನನವು ಎಂದು ಉತ್ತರ ಬಂತು. ಒಂದು ಸುಳಿಯ ಮರಿ ಮತ್ತು ತಾರಿ ಬಾರಿಸ್‌ನವು. ಮಾತು ಕೊಟ್ಟವರಿಗೆಲ್ಲ ಕಮ್ಷಾತ್ ತಾನೇ ಫೋನ್ ಮಾಡಿದಳು, ಬಾಗಿಲು ಹಾಕಿಕೊಂಡು. ಒಬ್ಬಾಕೆ ಬೇಡವೆಂದಳು. ಇನ್ನೊಬ್ಬಾಕೆ ಕ್ಲಬ್ಬಿನಲ್ಲಿ ಇಂದಿಗೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಸುಲ್ತಾನನ ಹತ್ತಿರ ಆ ವರ್ಷ ಯಾರೂ ಹೆಣ್ಣುಬೆಕ್ಕು ತರಲಿಲ್ಲ. ಕಮ್ಷಾತ್ ಅದನ್ನು ತೊಲ್ಕಿನ್‌ಗೆ ಆಗಾಗ ಚುಚ್ಚಿ ಹೇಳುವುದುಂಟು.

ಬೇಸಿಗೆ ಕಳೆಯುವ ಹೊತ್ತಿಗೆ ನವಿರು ಉದುರಿ ತಾರಿಯ ಮೈ ತಿಳಿಯಾಯಿತು. ಅವಳು ಉಲ್ಬೋಸಿನ್‌ಳ ಹಾಸಿಗೆಯಲ್ಲೇ ಮಲಗುತ್ತಾಳೆ. ಬಾಲ್ಕನಿಯ ಕಿಟಕಿಗೆ ಗಂಡ ಜಾಲರಿ ಹೊಡೆದಿದ್ದಾನೆ. ಆದರೂ ತೊಲ್ಕಿನ್ ಹೊರಗೆ ಹೊರಡುವ ಮೊದಲು ಅದನ್ನೊಮ್ಮೆ ಎಳೆದು ನೋಡುತ್ತಾಳೆ, ಮೆಟ್ಟಿಲಿಳಿದ ಮೇಲೆ ಕೆಲವು ಸಲ ವಾಪಸ್ಸು ಹತ್ತಿಯೂ ಬರುತ್ತಾಳೆ.