ಅಡ್ಡ ಬಾವಿಯ ಮೊದಲ ಎಣ್ಣೆ

"ಬಾವಿ ಅಂದ್ರ ಕೆಳಗ ಹೋಗಬೇಕ್ರೀ. ಇದೇನಿದು, ಅರ್ಧ ದಾರ್‍ಯಾಗ ಅಡ್ಡ ಮಲಗೇತಿ!" ಎಂದು ಗೊಣಗುತ್ತ ರಾಚಪ್ಪ ಸೀಸೆಯೊಳಗಿನ ಕೆಸರು ನೀರನ್ನು ಬಿಸಿಲಿಗೆ ಹಿಡಿದು ನೋಡಿದ. ಬಾವಿ ಕೊರೆದ ತಂಡಕ್ಕೆ ಅವನೇ ಮೇಸ್ತ್ರಿ. ಕೊಳವೆಯ ಬಾಯಿಗೆ ಸೀಸೆ ಹಿಡಿದು ತುಂಬಿಸಿ ಕೊಡುವವನು ನಾನು.

ಊರ ಹೊರಗಿನ ಆ ಬಯಲಿನಲ್ಲಿ ನಮಗೆಲ್ಲ ನೆಲದಡಿಯ ಕಚ್ಚಾ ಎಣ್ಣೆಯದೇ ಧ್ಯಾನ. ಪದರಗಲ್ಲಿನ ಒಳಗೆ ಅಡ್ಡಡ್ಡ ಕೊರೆದು, ನೀರು, ಮರಳು ನುಗ್ಗಿಸಿ ಕಲ್ಲು ಸೀಳಿದ್ದೆವು. ಹೊಕ್ಕ ನೀರು ಮೊದಲು ಹೊರಬರಬೇಕು, ಹಿಂದೆಯೇ ಎಣ್ಣೆ. ಬರುತ್ತಿದ್ದುದು ನೀರೊಂದೇ. ಅಡ್ಡ ಕೊರೆಯೋಣವೆಂದು ಹಟ ಹಿಡಿದವರು ನಮ್ಮ ಎಂಜಿನಿಯರ್ ವಿಮಲಾಕ್ಷಿ ಮೇಡಂ. ಎಣ್ಣೆ ಕಾಣದಿದ್ದರೆ ಬಾವಿ ಮುಚ್ಚುವುದೇ ಎಂದು ದೊಡ್ಡ ಸಾಹೇಬರು ಹೇಳಿಯಾಗಿತ್ತು. ಮೇಡಂ ಕೂತಲ್ಲಿ ಕೂರುತ್ತಿರಲಿಲ್ಲ; ಚಹಾ ತರಿಸುವರು, ಆರಿದ್ದನ್ನು ಚೆಲ್ಲಿ ಮತ್ತೆ ತರಿಸುವರು.

ಒಂದು ಬೆಳಿಗ್ಗೆ ಸೀಸೆಯ ನೀರಿನ ಮೇಲೆ ಬೆರಳಗಲ ಕಂದು ಎಣ್ಣೆ ತೇಲಿತು. ಮೊದಲ ಎಣ್ಣೆಯನ್ನು ಎಲ್ಲರ ಕೆನ್ನೆಗೆ ಬಳಿಯುವುದು ನಮ್ಮ ಕೊರೆಯುವವರ ವಾಡಿಕೆ. ರಾಚಪ್ಪ ಬಳಿದ, ಕುಣಿದ, ಮೇಡಂಗಿಂತ ಮೊದಲೇ ಸಾಹೇಬರಿಗೆ ಫೋನು ಮಾಡಿಬಿಟ್ಟ.

ಮೇಡಂ ಮಾತ್ರ ಕೆನ್ನೆ ಒಡ್ಡಲಿಲ್ಲ. ಹಳೆಯ ಪತ್ರಿಕೆಯ ಮೇಲೆ ಎರಡು ಹನಿ ಬಿಟ್ಟು, ಬಿಸಿಲಲ್ಲಿಟ್ಟು, ಬಗ್ಗಿ ಮೂಸಿದರು. ಕಚ್ಚಾ ಎಣ್ಣೆಯಾಗಿದ್ದರೆ ಉಳಿಯಬೇಕಿದ್ದ ಕರಿ ಅಂಚು ಕಾಗದದಲ್ಲಿ ಉಳಿಯಲಿಲ್ಲ.

"ಇದು ನಮ್ಮ ಡೀಸೆಲ್ಲು ರಾಚಪ್ಪ. ಕೊರಿಯೋವಾಗ ಬಾವ್ಯಾಗ ಬಿಡೋ ಕೆಸರಿಗೆ ಕಲಸಿದ್ವಲ್ಲ, ಅದಽ ತಿರುಗಿ ಬಂದೈತಿ."

"ಎಣ್ಣಿ ಅಂದ್ರ ಎಣ್ಣಿ ಬಿಡ್ರಿ ಮೇಡಮ್ಮಾರ. ಯಾರು ನೋಡ್ಯಾರ?"

"ನಾ ನೋಡೀನಲ್ಲೋ."

ನಾವೆಲ್ಲ ಅಂಗಿಯ ತೋಳಿನಿಂದ ಕೆನ್ನೆ ತಿಕ್ಕಿಕೊಂಡೆವು. ವಾಸನೆ ಹೋಗಲಿಲ್ಲ. ಮೇಡಂ ಫೋನೆತ್ತಿ ಸಾಹೇಬರ ನಂಬರು ಒತ್ತಿದರು.

"ಸರ್, ಬಾವಿ ಇನ್ನೂ ಎಣ್ಣೆ ಕೊಟ್ಟಿಲ್ಲ. ಬಂದದ್ದು ನಾವು ಹಾಕಿದ್ದೇ."

ಆ ಕಡೆಯ ಕೂಗಾಟ ನನಗೂ ಕೇಳಿಸಿತು. ಸಾಮಾನು ಹೇರಲು ಲಾರಿ ಕಳಿಸುತ್ತೇನೆಂದು ಸಾಹೇಬರು ಫೋನಿಟ್ಟರು.

ಮರುದಿನವೇ ಲಾರಿ ಬಂತು. ಎಂಜಿನ್ ಆರಿಸದೆ ಗುಡುಗುಡು ಎನ್ನುತ್ತ ನಿಂತಿತು. ಉಳಿದವರು ಪೈಪುಗಳಿಗೆ ಕೈ ಹಚ್ಚಿದರು. ಸೀಸೆ ಹಿಡಿಯಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ, ಹಿಡಿದೆ. ನೊರೆ ಉಕ್ಕಿ ಕೈಮೇಲೆ ಹರಿಯಿತು. ನೊರೆಯಲ್ಲಿ ಕಪ್ಪು ಎಳೆಗಳು.

ಓಡಿ ತಂದುಕೊಟ್ಟೆ. ಮೇಡಂ ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು.

"ಏನ್ರೀ?" ಎಂದ ರಾಚಪ್ಪ, ಮೆಲ್ಲಗೆ.

"ನೊರಿ ನೋಡು, ಗ್ಯಾಸ್ ಕಟಗೊಂಡು ಬಂದೈತಿ. ಇದು ನಾವು ಹಾಕಿದ್ದಲ್ಲ." ಅವನ ಕೈ ಸೀಸೆಯತ್ತ ಹೋದದ್ದು ಕಂಡು ಗದರಿದರು: "ಯಾರ ಕೆನ್ನಿಗೂ ಹಚ್ಚಬ್ಯಾಡ! ಒಂದು ಸೀಸೆ ನೋಡಿ ಬಾವಿ ಗೆದ್ದೈತಿ ಅನ್ನಾಕಾಗಂಗಿಲ್ಲ."

ಲಾರಿಯ ಡ್ರೈವರ್ ತಲೆ ಹೊರಚಾಚಿದ. "ಅಕ್ಕಾರ, ಹೇರೋದೋ, ಬ್ಯಾಡೋ? ಡೀಸೆಲ್ ಸುಮ್ನ ಸುಡಾಕತ್ತೈತಿ."

"ಆರಿಸಪಾ ಅದನ್ನ," ಎಂದರು ಮೇಡಂ.

ಅವನು ಎಂಜಿನ್ ಆರಿಸಿದ. ಬಯಲು ತಟ್ಟನೆ ನಿಶ್ಶಬ್ದವಾಯಿತು. ಆಗ ಕೊಳವೆಯೊಳಗೆ ಏನೋ ಬಿಕ್ಕಳಿಸಿತು, ನಿಂತಿತು, ಮತ್ತೊಮ್ಮೆ ಬಿಕ್ಕಳಿಸಿತು.