ತಟ್ಟೆಯ ಮೇಲೆ ಅಡ್ಡ ಹಿಡಿದ ಕೈ

೧

ಮೊದಲು ಕ್ರಮ. ಮೂರು ಗಂಟೆಗೆ ಕೋಗಿಲಿನಿಂದ ಗೋಪಾಲಮ್ಮ ಹೊರಡುವುದು. ಅದೇ ಹೊತ್ತಿಗೆ ರಾಜಾನುಕುಂಟೆಯಿಂದ ಅವರ ನಾದಿನಿ ಮುನಿವೆಂಕಟಮ್ಮ ಬೇರೊಂದು ಕಾರಿನಲ್ಲಿ ಹೊರಡುವುದು. ನಾಲ್ಕಕ್ಕೆ ಹೆಬ್ಬಾಳ ಕೆರೆಗೆ ಮುಖ ಮಾಡಿದ ದೊಡ್ಡ ಹೋಟೆಲಿನ ಮೇಲಂತಸ್ತಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುವುದು. ನಂತರ ಚಹಾ, ನಂತರ ತಿಂಡಿ, ಕತ್ತಲಾಗುವುದರೊಳಗೆ ರಾಜಿ. ಈ ಕ್ರಮವನ್ನು ಹಾಕಿದವಳು ಗೋಪಾಲಮ್ಮನವರ ಮೊಮ್ಮಗಳು ಹರ್ಷಿತಾ. ನಾನು ಅದನ್ನು ಕದ್ದು ಕಥೆಯ ಮೊದಲ ಪ್ಯಾರಾ ಮಾಡಿಕೊಂಡಿದ್ದೇನೆ.

ಆದರೆ ಕಥೆಯನ್ನು ಇಲ್ಲಿಂದ ಆರಂಭಿಸುವುದು ಸರಿಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಜಗಳದಿಂದ ಆರಂಭಿಸಿದರೆ ಓದುಗರು ಚಹಾ ಬರುವ ಮೊದಲೇ ಒಂದು ಪಕ್ಷ ಸೇರಿಬಿಡುತ್ತಾರೆ. ಚಹಾದಿಂದ ಆರಂಭಿಸಿದರೆ ಇಬ್ಬರು ಮುದುಕಿಯರು ಮುಖ ಬಿಗಿದುಕೊಂಡು ಯಾಕೆ ಕುಳಿತಿದ್ದಾರೆಂದು ತಿಳಿಯುವುದಿಲ್ಲ. (ಮೂರನೆಯ ದಾರಿಯೂ ಇತ್ತು: ಹೆಬ್ಬಾಳ ಫ್ಲೈಓವರಿನ ಮೇಲೆ ಸಿಕ್ಕಿಕೊಂಡ ಎರಡು ಕಾರುಗಳಿಂದ ಆರಂಭಿಸುವುದು. ಹಾಗೆ ಮಾಡಿದರೆ ಕಥೆ ಅಲ್ಲಿಂದ ಮುಂದಕ್ಕೆ ಚಲಿಸುವುದೇ ಇಲ್ಲ. ಕೈಬಿಟ್ಟಿದ್ದೇನೆ.)

೨

ಆದ್ದರಿಂದ ಜಗಳವನ್ನು ಆದಷ್ಟು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ.

ಗೋಪಾಲಮ್ಮ ಮದುವೆಯಾಗಿ ಕೋಗಿಲಿಗೆ ಬಂದಾಗ ಮುನಿವೆಂಕಟಮ್ಮ ಇನ್ನೂ ಲಂಗ ಉಡುವ ಹುಡುಗಿ. ಅವಳ ಜಡೆ ಹೆಣೆದವರು ಗೋಪಾಲಮ್ಮ. ದ್ರಾಕ್ಷಿತೋಟದಲ್ಲಿ ಒಂದೇ ಬುತ್ತಿಯಲ್ಲಿ ಇಬ್ಬರೂ ಉಂಡವರು. ರಾಜಾನುಕುಂಟೆಗೆ ಕೊಟ್ಟ ಮೇಲೂ ಆ ನಾದಿನಿ ವಾರಕ್ಕೊಮ್ಮೆ ಬಂದು ಅತ್ತಿಗೆಯ ಅಡುಗೆಮನೆಯಲ್ಲೇ ಬಿದ್ದುಕೊಂಡಿರುತ್ತಿದ್ದವರು. ಆಮೇಲೆ ಗೋಪಾಲಮ್ಮನವರ ಹೊಸ ಮನೆಯ ಗೃಹಪ್ರವೇಶ ಬಂತು. ಬಡಿಸಲು ಕೇಟರಿಂಗಿನವರು ಬಂದಿದ್ದರು. ಪಂಕ್ತಿಯಲ್ಲಿ ಒಬ್ಬಟ್ಟು ಬಂದಾಗ ಮುನಿವೆಂಕಟಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡವೆಂದರು. ಬಡಿಸುವವನು ಮುಂದಿನ ಎಲೆಗೆ ಹೋದ.

ಇಷ್ಟೇ ಜಗಳ. ನಗರದಲ್ಲೇ ಬೆಳೆದ ಓದುಗರಿಗಾಗಿ ಒಂದು ವಿವರಣೆ: ಈ ಮನೆಗಳಲ್ಲಿ ಬಂದವರು ಮೊದಲು ಬೇಡವೆನ್ನಬೇಕು, ಮನೆಯವರು ಬಲವಂತ ಮಾಡಬೇಕು. ಅವರು ಮತ್ತೆ ಬೇಡವೆನ್ನಬೇಕು, ಇವರು ಆ ಕೈಯನ್ನು ಸರಿಸಿ ಬಡಿಸಿಯೇ ಬಿಡಬೇಕು. ಕೈ ಅಡ್ಡ ಹಿಡಿಯುವುದು ಬಂದವರ ಪಾಲಿನ ಕೆಲಸ, ಕೈ ಸರಿಸುವುದು ಮನೆಯವರ ಪಾಲಿನ ಕೆಲಸ. ಅಂದು ಒಬ್ಬರು ತಮ್ಮ ಕೆಲಸವನ್ನು ಮಾಡಿದರು, ಇನ್ನೊಬ್ಬರು ಅಲ್ಲಿರಲಿಲ್ಲ. ಮುನಿವೆಂಕಟಮ್ಮ ಉಣ್ಣದೆಯೇ ಕೈ ತೊಳೆದುಕೊಂಡು ಹೊರಟವರು ವರ್ಷಗಳೇ ಕಳೆದರೂ ಆ ಮನೆಯ ಹೊಸಿಲು ತುಳಿದಿಲ್ಲ. ಗೋಪಾಲಮ್ಮನವರ ಗಂಡ ಮುನಿಆಂಜಿನಪ್ಪ ತಂಗಿಯ ಮನೆಗೆ ಹೋಗಿ ಬರುತ್ತಾರೆ. ಹೆಂಡತಿಯ ಹೆಸರು ತೆಗೆದರೆ ಅಲ್ಲಿ ಮಾತು ನಿಲ್ಲುತ್ತದೆ.

“ನಂದೇ ತಪ್ಪು ಅನ್ನೋ ಅಂಗೆ ಬರ್ದಿದೀಯ,” ಎಂದು ಮುನಿವೆಂಕಟಮ್ಮ ಈ ಪ್ಯಾರಾವನ್ನು ಕೇಳಿ ಆಕ್ಷೇಪಿಸಿದರು.

ಇಲ್ಲ, ತಪ್ಪು ಯಾರದೆಂದು ನಾನು ಎಲ್ಲಿಯೂ ಬರೆದಿಲ್ಲ ಎಂದೆ.

“ಅದೇ ತಪ್ಪು. ಬರೀಬೇಕಾಗಿತ್ತು.”

೩

ಹರ್ಷಿತಾಳ ತರ್ಕ ಮೇಲ್ನೋಟಕ್ಕೆ ದೋಷರಹಿತವಾಗಿತ್ತು. ಯಾರ ಮನೆಯಲ್ಲೂ ಸೇರಿಸುವುದು ಬೇಡ, ಹೋಟೆಲಿನಲ್ಲಿ ಸೇರಿಸೋಣ. ಅಲ್ಲಿ ಇಬ್ಬರೂ ಅತಿಥಿಗಳೇ. ಬಡಿಸುವ ಜವಾಬ್ದಾರಿ ಯಾರಿಗೂ ಇಲ್ಲ, ಆದ್ದರಿಂದ ಅವಮಾನಕ್ಕೆ ಅವಕಾಶವೂ ಇಲ್ಲ. ಒಂದೇ ಸಲ ಬರುತ್ತೇನೆಂದು ರಾಜಾನುಕುಂಟೆ ಅಜ್ಜಿ ಒಪ್ಪಿದ್ದರು. ಈ ಸಲವೂ ಖಾಲಿ ಹೊಟ್ಟೆಯಲ್ಲಿ ಎದ್ದುಹೋದರೆ ಇನ್ನೊಂದು ಸಲ ಇಲ್ಲವೆಂಬುದು ಗೋಪಾಲಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಹಿಂದಿನ ದಿನವೇ ಸೀರೆ ತೆಗೆದಿಟ್ಟಿದ್ದರು. ಬೆಳಿಗ್ಗೆ ಅದನ್ನು ಬದಲಾಯಿಸಿದರು. ಹೊರಡುವ ಹೊತ್ತಿಗೆ ಮತ್ತೆ ಮೊದಲಿನದನ್ನೇ ಉಟ್ಟರು.

ಈಗ ಹೋಟೆಲು. ಮೊದಲ ಕರಡು ಹೀಗಿತ್ತು:

‘ಗಾಜಿನ ಗೋಡೆಯಾಚೆ ಕೆರೆಯ ನೀರು ಇಳಿಬಿಸಿಲಿಗೆ ಮಿರುಗುತ್ತಿತ್ತು. ಪಿಯಾನೋದ ಮೆಲುದನಿಯ ನಡುವೆ ಬಿಳಿ ಕೈಗವಸಿನ ಸೇವಕರು ಮೂರಂತಸ್ತಿನ ತಿಂಡಿಯ ಸ್ಟ್ಯಾಂಡನ್ನು...’

“ಏನಮ್ಮ ಇದು,” ಎಂದರು ಗೋಪಾಲಮ್ಮ. “ಇದನ್ನ ಓದಿದ್ರೆ ನಮ್ಮನ್ನ ಕೆರೆ ಮುಂದೆ ಕೂಡ್ಸಿದ್ರು ಅಂದ್ಕಂಡ್ಬುಡ್ತಾರೆ. ನಮ್ಮನ್ನ ಕೂಡ್ಸಿದ್ದು ಅಡ್ಗೆಮನೆ ಬಾಗ್ಲತ್ರ. ಬಾಗ್ಲು ತೆಗೆದಾಗೆಲ್ಲ ನನ್ ಬೆನ್ನಿಗೆ ಬಿಸಿಗಾಳಿ.”

ಕರಡನ್ನು ಹರಿದು ಹಾಕಿದ್ದೇನೆ. ತಿದ್ದಿದ ಪಾಠ: ಬಾಗಿಲಲ್ಲಿ ನಿಂತಿದ್ದ ಹುಡುಗಿ ಇಬ್ಬರ ಹವಾಯಿ ಚಪ್ಪಲಿಯನ್ನು ನೋಡಿ, ಬುಕಿಂಗ್ ಇದೆಯೇ ಎಂದು ಹರ್ಷಿತಾಳನ್ನು ಎರಡು ಬಾರಿ ಕೇಳಿದಳು. ಕಿಟಕಿಯ ಬಳಿ ಮೇಜುಗಳು ಖಾಲಿ ಇದ್ದವು, ಅವು ಬೇರೆಯವರಿಗೆಂದು ಹೇಳಿದಳು. ಕೂತ ಮೇಲೆ ಬಹಳ ಹೊತ್ತು ಯಾರೂ ಈ ಕಡೆ ಸುಳಿಯಲಿಲ್ಲ. ನೀರು ಕೇಳಿದ್ದಕ್ಕೆ ಮೆನು ಬಂತು. ಮೆನು ಓದಿ ಮುಗಿಸುವ ಹೊತ್ತಿಗೆ ನೀರಿನ ವಿಷಯ ಎಲ್ಲರಿಗೂ ಮರೆತುಹೋಗಿತ್ತು.

೪

ಕೊನೆಗೆ ಬಂದವನು ಫೈಜಾನ್ ಎಂಬ ಪರಿಚಾರಕ. ಪಿಂಗಾಣಿಯ ಕೆಟಲಿನಿಂದ ಮೂರು ಕಪ್ಪುಗಳಿಗೆ ತಿಳಿಕಂದು ನೀರನ್ನು ಸುರಿದ.

ಮುನಿವೆಂಕಟಮ್ಮ ಕಪ್ಪಿನೊಳಗೆ ಇಣುಕಿದರು. ಅವರು ಅತ್ತಿಗೆಯ ಜೊತೆ ಇನ್ನೂ ನೇರವಾಗಿ ಮಾತಾಡಿರಲಿಲ್ಲ; ಎಲ್ಲ ಮಾತೂ ಹರ್ಷಿತಾಳ ಮೂಲಕವೇ ಹಾದುಹೋಗುತ್ತಿತ್ತು.

“ಮಗ, ಇದು ಟೀನಾ? ಇತ್ತಾಳೆ ಪಾತ್ರೆ ತೊಳೆದ ನೀರಂಗೈತೆ. ನಿಮ್ಮಜ್ಜಿನ ಕೇಳು, ಕುಡೀತಾಳಂತಾ.”

“ಅವ್ಳು ಕುಡಿದ್ರೆ ನಾನೂ ಕುಡೀತೀನಿ ಅಂತ ಏಳು,” ಎಂದರು ಗೋಪಾಲಮ್ಮ, ಒಂದು ಮೊಳ ದೂರದಿಂದ.

“ಹಾಲು ಸಿಗುತ್ತಾ?” ಎಂದು ಹರ್ಷಿತಾ ಕೇಳಿದಳು.

“ಮೇಡಂ, ಇದು ಹಾಲು ಹಾಕದೇ ಕುಡಿಯೋ ಟೀ.”

“ತಣ್ಣಗಿದೆಯಲ್ಲ?”

“ಆ ಫ್ಲೇವರ್ ಹಂಗೇ ಮೇಡಂ,” ಎಂದು ಫೈಜಾನ್ ನೆಲ ನೋಡಿದ.

೫

(ಹರ್ಷಿತಾಳ ಪ್ರಯೋಗ ಕೈಕೊಟ್ಟದ್ದು ಇಲ್ಲಿ. ನಿಧಾನವಾಗಿ ಹೇಳಬೇಕು.)

ಮೂರಂತಸ್ತಿನ ಸ್ಟ್ಯಾಂಡು ಬಂತು. ಕೆಳಗೆ ಅಂಚು ಕತ್ತರಿಸಿದ ಸ್ಯಾಂಡ್‌ವಿಚ್, ನಡುವೆ ಸ್ಕೋನ್ ಎಂಬ ಗಟ್ಟಿ ಬನ್ನು, ಮೇಲೆ ಬೆರಳುದ್ದದ ಕೇಕು. ಫೈಜಾನ್ ಚಿಮಟದಲ್ಲಿ ಒಂದು ಸ್ಯಾಂಡ್‌ವಿಚ್ ಹಿಡಿದು ಮುನಿವೆಂಕಟಮ್ಮನವರ ಕಡೆ ಬಾಗಿದ. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

“ಬ್ಯಾಡಪ್ಪ.”

“ಶ್ಯೂರ್ ಮೇಡಂ.”

ಚಿಮಟ ಗೋಪಾಲಮ್ಮನವರ ಕಡೆ ತಿರುಗಿತು. ನಾದಿನಿಯ ತಟ್ಟೆ ಖಾಲಿಯಿರುವಾಗ ತಮ್ಮ ತಟ್ಟೆಗೆ ಹಾಕಿಸಿಕೊಳ್ಳುವುದು ಹೇಗೆ? ಅವರೂ ಬೇಡವೆಂದರು. ಇಬ್ಬರು ಅಜ್ಜಿಯರ ಖಾಲಿ ತಟ್ಟೆಗಳ ನಡುವೆ ಹರ್ಷಿತಾಳಿಗೂ ತಿನ್ನುವ ಧೈರ್ಯ ಬರಲಿಲ್ಲ. “ಆಮೇಲೆ ನೋಡೋಣ,” ಎಂದಳು. ಫೈಜಾನ್ ಸ್ವಲ್ಪ ಹೊತ್ತು ಕಾದ, ಮೂರು ಮುಖಗಳನ್ನೂ ನೋಡಿದ, “ಕ್ಲಿಯರ್ ಮಾಡ್ಲಾ?” ಎಂದ. ಒಂದು ತುಂಡೂ ಕದಲದ ಸ್ಟ್ಯಾಂಡನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲ ಕಡೆ ನಡೆದ.

“ಅಜ್ಜಿ, ಹಸಿವಾಗಿದ್ರೆ ಯಾಕ್ ಬೇಡ ಅಂದ್ರಿ?” ಹರ್ಷಿತಾಳ ದನಿ ಅಳುವಿಗೆ ಬಂದಿತ್ತು.

“ಇನ್ನೇನನ್ಬೇಕು?” ಎಂದರು ಮುನಿವೆಂಕಟಮ್ಮ. “ಕೇಳಿದ ತಕ್ಷಣ ತಟ್ಟೆ ಒಡ್ಡಕ್ಕಾಯ್ತದಾ?”

ಅವರ ಕೈ ಇನ್ನೂ ತಟ್ಟೆಯ ಮೇಲೆಯೇ ಇತ್ತು. ಗೋಪಾಲಮ್ಮ ಅದನ್ನು ನೋಡಿದರು. ಗೃಹಪ್ರವೇಶದ ದಿನ ಈ ಕೈಯನ್ನು ಅವರು ನೋಡಿರಲಿಲ್ಲ. ಆ ಬಗ್ಗೆ ಬೇರೆಯವರ ಬಾಯಲ್ಲಿ ಕೇಳಿದ್ದರು ಅಷ್ಟೇ. ಕೋಪದ ಕೈ, ಗರ್ವದ ಕೈ ಎಂದು ಇಷ್ಟು ವರ್ಷ ಊಹಿಸಿಕೊಂಡಿದ್ದರು. ಈಗ ನೋಡಿದರೆ ಅದು ತಟ್ಟೆಯನ್ನು ಮುಟ್ಟಿಯೂ ಇರಲಿಲ್ಲ. ಬೆರಳುಗಳು ಬಿಡಿಬಿಡಿಯಾಗಿದ್ದವು, ಯಾರಾದರೂ ಹಿಡಿದರೆ ಸುಲಭವಾಗಿ ಸರಿಯುವಷ್ಟು ಸಡಿಲವಾಗಿದ್ದವು.

ಮುನಿವೆಂಕಟಮ್ಮ ಆ ಕೈಯನ್ನು ಹಿಂದಕ್ಕೆ ತೆಗೆದು ಚೀಲದ ಹಿಡಿಕೆ ಹುಡುಕಿದರು. “ಬತ್ತೀನಿ ಮಗ. ಗಾಡಿಯವ್ನಿಗೆ ಫೋನ್ ಮಾಡು.”

೬

ಇಲ್ಲಿ ಕಥೆಯನ್ನು ಮುಗಿಸಬಹುದು. ನನ್ನ ಬಳಿ ಮೂರು ಅಂತ್ಯಗಳು ಸಿದ್ಧವಾಗಿವೆ.

ಅ) ಲಿಫ್ಟಿನ ಬಾಗಿಲು ಮುಚ್ಚುತ್ತದೆ. ಮುನಿವೆಂಕಟಮ್ಮ ಒಬ್ಬರೇ ಕೆಳಗಿಳಿಯುತ್ತಾರೆ. (ದುಃಖಾಂತ್ಯ. ಅಚ್ಚುಕಟ್ಟಾಗಿದೆ, ವಿಶೇಷಾಂಕಕ್ಕೆ ಕಳಿಸಬಹುದು.)

“ಆ ಗುಂಡಿ ಒತ್ತಕ್ಕೆ ನಂಗೆ ಬರಲ್ಲ,” ಎಂದರು ಮುನಿವೆಂಕಟಮ್ಮ. “ಒಬ್ಬಳೇ ಎಂಗೆ ಓಗ್ಲಿ?”

ಆ) ಮ್ಯಾನೇಜರು ಓಡಿಬಂದು ಕ್ಷಮೆ ಕೇಳುತ್ತಾರೆ, ಒಂದು ಕೇಕನ್ನು ಬಿಟ್ಟಿಯಾಗಿ ಕೊಡುತ್ತಾರೆ.

“ಅವ್ನ್ ಕ್ಷಮೆ ಕೇಳಿದ್ರೆ ನನ್ ನಾದ್ನಿ ಒಟ್ಟೆ ತುಂಬ್ತದಾ?” ಇದು ಗೋಪಾಲಮ್ಮ.

ಇ) ಹರ್ಷಿತಾ ಎದ್ದು ನಿಂತು ಸಂಬಂಧಗಳ ಕುರಿತು ನಾಲ್ಕು ಮಾತು ಹೇಳುತ್ತಾಳೆ.

“ಪ್ಲೀಸ್,” ಎಂದಳು ಹರ್ಷಿತಾ, “ನನ್ ಬಾಯಲ್ಲಿ ಭಾಷಣ ಹಾಕ್ಬೇಡಿ.”

ಹಾಗಾದರೆ ಉಳಿದಿರುವುದು ಏನು ಎಂದು ನಾನು ಸ್ವಲ್ಪ ಕೋಪದಿಂದಲೇ ಕೇಳಿದೆ. ಕಥೆಗೊಂದು ಅಂತ್ಯ ಬೇಕಲ್ಲವೇ?

“ನಿಂಗೆ ಅಂತ್ಯ ಬೇಕು, ನಂಗೆ ಅವ್ಳು ಬೇಕು,” ಎಂದರು ಗೋಪಾಲಮ್ಮ. “ಒಸಿ ಸುಮ್ನಿರು. ನಾನ್ ಎದ್ದೆ.”

ಅವರು ಏಳುತ್ತಾರೆಂದು ನಾನು ಬರೆದಿರಲಿಲ್ಲ. ಆದರೂ ಎದ್ದರು.

೭

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲೇ ಫೈಜಾನನನ್ನು ಹಿಡಿದರು.

“ಕೊಡಪ್ಪ ಇಲ್ಲಿ.”

“ಮೇಡಂ, ಗೆಸ್ಟ್‌ಗಳು ಇಲ್ಲಿ ಬರೋ ಹಾಗಿಲ್ಲ.”

“ನಾನ್ ಗೆಸ್ಟಲ್ಲ. ಗೆಸ್ಟು ಅಲ್ಲಿ ಕೂತವ್ಳೆ.”

ಫೈಜಾನ್ ಸ್ಟ್ಯಾಂಡನ್ನು ಕೊಟ್ಟನೋ ಅವರೇ ಕಿತ್ತುಕೊಂಡರೋ ಎಂಬುದನ್ನು ಖಚಿತವಾಗಿ ಹೇಳಲಾರೆ. ಹಿಂದಿರುಗಿ ಬಂದ ಗೋಪಾಲಮ್ಮ ಚಿಮಟವನ್ನು ಒಮ್ಮೆ ನೋಡಿ ಮೇಜಿನ ಮೇಲಿಟ್ಟರು, ಮನೆಯಿಂದ ತಂದಿದ್ದ ಬಾಟಲಿ ನೀರಿನಲ್ಲಿ ಕೈ ತೊಳೆದರು, ಬೆರಳುಗಳಲ್ಲೇ ಒಂದು ಸ್ಯಾಂಡ್‌ವಿಚ್ ಎತ್ತಿದರು.

“ತಗೋ.”

“ಬ್ಯಾಡ.”

(ಇಷ್ಟು ವರ್ಷಗಳಲ್ಲಿ ನಾದಿನಿ ಅತ್ತಿಗೆಗೆ ನೇರವಾಗಿ ಆಡಿದ ಮೊದಲ ಮಾತು ಇದು. ಹರ್ಷಿತಾ ಕುರ್ಚಿಯ ಅಂಚಿಗೆ ಜರುಗಿದಳು. ನಾನೂ.)

“ಒಂದೇ ಒಂದು.”

“ಒಟ್ಟೆ ತುಂಬೈತೆ.”

“ಏನ್ ತಿಂದು ತುಂಬ್ತು? ಆ ಇತ್ತಾಳೆ ನೀರ್ ಕುಡ್ದಾ?”

ಮುನಿವೆಂಕಟಮ್ಮನವರ ತುಟಿಯ ಮೂಲೆ ಅಲುಗಿತು. ಅವರು ಅದನ್ನು ಸರಿಪಡಿಸಿಕೊಂಡರು. ಚೀಲವನ್ನು ಕೆಳಗಿಟ್ಟು, ತಟ್ಟೆಯ ಮೇಲೆ ಮತ್ತೆ ಕೈ ಅಡ್ಡ ಹಿಡಿದರು.

“ಬ್ಯಾಡ ಅಂದ್ಮೇಲೆ ಬಿಡ್ಬೇಕು ಅತ್ಗೆ.”

“ಬ್ಯಾಡ ಅಂದ್ರೆ ಬಿಟ್ಬುಡಕ್ಕೆ ನಾನೇನ್ ಓಟ್ಲವ್ಳಾ?”

ಮಣಿಕಟ್ಟು ಹಿಡಿದು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು. ತಟ್ಟೆಗೆ ಒಂದು ಸ್ಯಾಂಡ್‌ವಿಚ್ ಬಿತ್ತು, ಇನ್ನೊಂದು ಬಿತ್ತು, ಅವುಗಳ ಮೇಲೆ ಒಂದು ಸ್ಕೋನ್ ಕೂತಿತು. ಮುನಿವೆಂಕಟಮ್ಮ ಆ ರಾಶಿಯನ್ನು ನೋಡುತ್ತ ಕೂತರು.

“ಅವತ್ತು ಎಲ್ಲಿಗೋಗಿದ್ದೆ?”

“ಗೇಟತ್ರ. ಎಮ್ಮೆಲ್ಲೆ ಕಡೆಯೋರು ಬಂದಿದ್ರು.”

“ಅವ್ರು ನಿಂಗೆ ನೆಂಟ್ರಾ?”

“ಅಲ್ಲ.”

“ಮತ್ತೆ?”

“ಮತ್ತೇನು. ನಾನ್ ಎಲೆ ಮುಂದೆ ಇರ್ಬೇಕಾಗಿತ್ತು. ಇರ್ಲಿಲ್ಲ. ತಿನ್ನು.”

ಮುನಿವೆಂಕಟಮ್ಮ ತಿಂದರು. ಇಡೀ ಲೌಂಜೇ ಆ ಬಾಯನ್ನು ನೋಡುತ್ತಿದೆಯೇನೋ ಎಂಬಂತೆ ಗೋಪಾಲಮ್ಮ ಕಾದು ನಿಂತರು.

“ಉಪ್ಪೇ ಇಲ್ವಲ್ಲೆ,” ಎಂದರು ಮುನಿವೆಂಕಟಮ್ಮ, ಮತ್ತು ಎರಡನೆಯದನ್ನು ಎತ್ತಿಕೊಂಡರು.

೮

ಇಷ್ಟಕ್ಕೆ ನಿಲ್ಲಿಸಲು ನಾನು ಸಿದ್ಧಳಿದ್ದೆ. ಓದುಗರೇ, ಇನ್ನೊಂದು ಭಾಗ ಬೇಕೆ? ಬೇಡವೇ? ಸರಿ...

“ಒಂದ್ಸಲಿ ಕೇಳಿ ಸರಿ ಅಂದ್ಬುಡ್ತೀಯಾ?” ಎಂದು ಗೋಪಾಲಮ್ಮ ನನ್ನನ್ನು ಗದರಿದರು. “ನೀನೂ ಈ ಓಟ್ಲವ್ರ ಜಾತಿಯೋಳೇ. ಬಡ್ಸು.”

ಬಡಿಸುತ್ತೇನೆ.

ಪಕ್ಕದ ಮೇಜಿನಲ್ಲಿ ಯಶವಂತಪುರದ ಪಿಳ್ಳಣ್ಣ ಎಂಬ ಹಿರಿಯರು ಹೆಂಡತಿಯೊಡನೆ ಕಾದು ಕಾದು ಕರವಸ್ತ್ರವನ್ನು ನಾಲ್ಕು ಬಗೆಯಲ್ಲಿ ಮಡಚಿದ್ದರು. ಅವರ ಟೀಯೇ ಬಂದಿರಲಿಲ್ಲ. “ಅಮ್ಮ, ನಿಮ್ಮತ್ರ ಇನ್ನೂ ಇದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಗೋಪಾಲಮ್ಮ ಸ್ಟ್ಯಾಂಡಿನೊಂದಿಗೆ ಆ ಕಡೆ ತಿರುಗಿದರು. ಮುನಿವೆಂಕಟಮ್ಮ ಬಾಯಿ ಒರೆಸಿಕೊಂಡು ಎದ್ದರು, ಫೈಜಾನನ ಎದುರು ನಿಂತರು.

“ಒಳಗೆ ಆಲೈತಾ?”

“ಇದೆ ಅಮ್ಮ.”

“ಕಾಯ್ಸಿ ತತ್ತಾ.”

ಅವನು ಮೇಡಂ ಎನ್ನುವುದನ್ನು ಯಾವಾಗ ಬಿಟ್ಟನೆಂದು ಯಾರೂ ಗಮನಿಸಲಿಲ್ಲ. ಹಾಲಿನ ಜಗ್ಗನ್ನು ತಂದ ಮೇಲೆ ಮುನಿವೆಂಕಟಮ್ಮ ಕೇಳಿದರು:

“ನಿಮ್ಮನೆಗೆ ನೆಂಟ್ರು ಬಂದ್ರೂ ಒಂದೇ ಸಲಿ ಕೇಳ್ತೀರಾ?”

“ಇಲ್ಲಮ್ಮ. ಆರ್.ಟಿ. ನಗರದಲ್ಲಿ ನಮ್ಮಮ್ಮ ಇದಾರೆ, ಅವ್ರು ಕೇಳೋದೇ ಇಲ್ಲ, ಹಾಕ್ಬಿಡ್ತಾರೆ. ಇಲ್ಲಿ ಎರಡ್ನೇ ಸಲ ಕೇಳಿದ್ರೆ ತೊಂದ್ರೆ ಕೊಟ್ಟ ಅಂತ ಕಂಪ್ಲೇಂಟ್ ಆಗುತ್ತೆ. ಟ್ರೈನಿಂಗಲ್ಲೇ ಹೇಳಿದಾರೆ.”

“ಯಾರ್ ಕಂಪ್ಲೇಂಟ್ ಮಾಡ್ತಾರೋ ಮಾಡ್ಲಿ. ನಾನಿದೀನಿ, ಬಾ.”

ಅವರು ಪಂಕ್ತಿಯಲ್ಲಿ ಬಡಿಸುವ ಹಾಗೆಯೇ ಹೊರಟರು: ಮುಂದೆ ಗೋಪಾಲಮ್ಮ, ಹಿಂದೆ ಹಾಲು ಹಿಡಿದ ಮುನಿವೆಂಕಟಮ್ಮ, ಅವರ ಹಿಂದೆ ಬಿಸಿ ಕೆಟಲಿನೊಂದಿಗೆ ಫೈಜಾನ್. ಲ್ಯಾಪ್‌ಟಾಪ್ ತೆರೆದು ಕೂತಿದ್ದ ಒಬ್ಬ ಯುವಕ ತಲೆಯೆತ್ತದೆ ನೋ ಥ್ಯಾಂಕ್ಸ್ ಎಂದ. ಲ್ಯಾಪ್‌ಟಾಪಿನ ಪಕ್ಕದಲ್ಲೇ ಒಂದು ಕೇಕು ಬಂದು ಕೂತಿತು. “ಒಣಗೋಗಿದೀಯ, ತಿನ್ನಪ್ಪ,” ಎಂದರು ಗೋಪಾಲಮ್ಮ. ಅವನು ಕೇಕನ್ನು ನೋಡಿದ, ಅವರನ್ನು ನೋಡಿದ, ಲ್ಯಾಪ್‌ಟಾಪು ಮುಚ್ಚಿದ. ಕಿಟಕಿಯ ಬಳಿ ಮುತ್ತಿನ ಸರ ಹಾಕಿಕೊಂಡಿದ್ದ ಹೆಂಗಸೊಬ್ಬರು ಬೇಡವೆಂದಾಗ ಫೈಜಾನ್ ಹಿಂದೆ ಸರಿಯಲಿಲ್ಲ. ಗಂಟಲು ಸರಿಪಡಿಸಿಕೊಂಡು, “ಸ್ವಲ್ಪ ತಗೊಳ್ಳಿ ಆಂಟಿ, ಬಿಸಿಯಾಗಿದೆ,” ಎಂದ. ಆಕೆ ಕಪ್ಪನ್ನು ಮುಂದಕ್ಕೆ ತಳ್ಳಿದರು.

ಮ್ಯಾನೇಜರು ಬಂದದ್ದು ಆಗ. ಬಾಯಿ ತೆರೆಯುವಷ್ಟರಲ್ಲಿ ಅವರ ಕೈಯಲ್ಲೂ ಒಂದು ತಟ್ಟೆ ಇತ್ತು.

೯

ಈಗ ನಿಜವಾಗಿಯೂ ಮುಗಿಸಬೇಕು. ಇಬ್ಬರೂ ಮರಳಿ ಬಂದು ಕೂತಿದ್ದಾರೆ. ಮುಂದಿನ ವಾರ ಮುನಿವೆಂಕಟಮ್ಮ ಕೋಗಿಲಿಗೆ ಹೋಗುತ್ತಾರೆಯೇ, ಹೊಸ ಮನೆಯ ಅಡುಗೆಮನೆ ಅವರಿಗೆ ಹಿಡಿಸುತ್ತದೆಯೇ ಎಂದು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಸ್ಟ್ಯಾಂಡಿನಲ್ಲಿ ಒಂದೇ ಒಂದು ಸ್ಕೋನ್ ಉಳಿದಿತ್ತು.

“ನೀನ್ ತಗೋ.”

“ನಂಗ್ ಸಾಕು, ನೀನ್ ತಗೋ ಅತ್ಗೆ.”

“ಬಂದಿರೋಳು ನೀನು.”

“ಬಡ್ಸಿ ದಣಿದಿರೋಳು ನೀನು.”

“ಅರ್ಧ ಮಾಡ್ಕೊಳ್ಳಿ,” ಎಂದಳು ಹರ್ಷಿತಾ.

“ನೀನ್ ಸುಮ್ನಿರು,” ಎಂದರು ಇಬ್ಬರೂ.

ಹೊರಗೆ ಫ್ಲೈಓವರಿನ ದೀಪಗಳು ಹೊತ್ತಿಕೊಂಡವು. ರಾಜಾನುಕುಂಟೆಯ ಗಾಡಿಯವನು ಕೆಳಗಿನಿಂದ ಫೋನ್ ಮಾಡಿದ. ಹರ್ಷಿತಾ ಅದನ್ನು ಕಟ್ ಮಾಡಿದಳು. ಫೈಜಾನ್ ಕ್ಲಿಯರ್ ಮಾಡಲೆಂದು ಬಂದು, ಇಬ್ಬರನ್ನೂ ನೋಡಿ, ಇನ್ನೊಂದು ಕೆಟಲ್ ಇಟ್ಟುಹೋದ. ನಾನು ಒಂದು ಮುಕ್ತಾಯದ ವಾಕ್ಯ ಬರೆದೆ, ಹೊಡೆದುಹಾಕಿದೆ. ಇನ್ನೊಂದು ಬರೆದೆ, ಅದನ್ನೂ ಹೊಡೆದುಹಾಕಿದೆ.

ಕಂಡುಬಂದದ್ದು: ಕೊನೆಯ ತುಂಡು ಯಾರ ತಟ್ಟೆಗೂ ಸೇರಿಲ್ಲ, ಇಬ್ಬರಲ್ಲಿ ಯಾರೂ ಎದ್ದಿಲ್ಲ.